ಬಾರದೆ ಹೋದ ನೀಲಿ ಪಟ್ಟೆ

ಗೆಳೆಯರೇ, ಇಂದು ಬೆಳಿಗ್ಗೆ ಸವಳಂಗದ ನನ್ನ ಜೆರಾಕ್ಸ್ ಅಂಗಡಿಗೆ ಕೂಲಿ ಕೆಲಸದ ರತ್ನಕ್ಕ ಬಂದರು. ನಾಳೆ ಅವರ ಹೊಸ ಮನೆಯ ಗೃಹಪ್ರವೇಶ. ಬಾಗಿಲಿಗೆ ಅಂಟಿಸಲು ಬೌದ್ಧರ ಐದು ಬಣ್ಣದ ಧ್ವಜದ ಚಿತ್ರ ಬೇಕಿತ್ತು. ಮುದ್ರಿಸಿದೆ. ನೀಲಿ ಪಟ್ಟೆ ಗುಲಾಬಿಯಾಗಿ ಬಂತು! ಹಳೆಯ ಪ್ರಿಂಟರಿನ ಬಣ್ಣದ ಕಾರ್ಟ್ರಿಜ್‌ನಲ್ಲಿ ನೀಲಿ ಇಂಕು ಒಣಗಿ ಕಟ್ಟಿಕೊಂಡಿತ್ತು.

ಇಂಕಿನ ತೂತು ಬಿಡಿಸಲು ಕಂಪ್ಯೂಟರಿನಿಂದ ಎರಡು ಸಲ ಹೆಡ್ ಕ್ಲೀನಿಂಗ್ ಕೊಟ್ಟರೂ ಅದೇ ಗುಲಾಬಿ. ರಿಪೇರಿಯವನಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಆ ಪ್ರಿಂಟರ್ ಬಿಸಾಕ್ರಿ ಮೇಡಂ. ಆಯಮ್ಮಂಗೆ ಕಪ್ಪು-ಬಿಳುಪಲ್ಲೇ ಕೊಟ್ಟು ಕಳಸ್ರಿ, ಅವ್ರಿಗೇನ್ ಗೊತ್ತಾಗ್ತೈತೆ?" ಎಂದ.

ಸ್ಪೀಕರ್ ಆನ್ ಇತ್ತು. ರತ್ನಕ್ಕ ಫೋನಿನತ್ತ ಬಾಗಿ, "ಐದು ಬಣ್ಣನೂ ಗೊತ್ತೈತಪ್ಪಾ. ಒಂದೊಂದಾಗಿ ಹೇಳಾಕೆ ಶುರು ಮಾಡ್ಲಾ?" ಎಂದರು. ಅವನು ಫೋನ್ ಇಟ್ಟುಬಿಟ್ಟ.

ನನಗೂ ಹಟ ಬಂತು. ಕಾರ್ಟ್ರಿಜ್ ತೆಗೆದು, ಇಂಕು ಬರುವ ತಳಭಾಗವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿದ ಟಿಶ್ಯೂ ಮೇಲೆ ಒತ್ತಿಟ್ಟೆ. ಹತ್ತು ನಿಮಿಷಕ್ಕೆ ಗುಲಾಬಿ, ಹಳದಿ ಇಳಿದವು. ನೀಲಿಯ ಸುಳಿವಿಲ್ಲ.

"ಇನ್ನೊಂದ್ಸಲ ಇಡವ್ವಾ. ಇವತ್ತು ನಾನು ಕೂಲಿಗೆ ಹೋಗಂಗಿಲ್ಲ," ಎಂದು ರತ್ನಕ್ಕ ಬೆಂಚಿನ ಮೇಲೆ ಕೂತೇಬಿಟ್ಟರು.

ಮೂರನೇ ಟಿಶ್ಯೂವಿನಲ್ಲಿ ನೀಲಿ ಕಲೆ ಮೂಡಿತು. ಒರೆಸಿ, ಕೂರಿಸಿ, ಮತ್ತೆ ಮುದ್ರಿಸಿದೆ. ರತ್ನಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಪಟ್ಟೆಗಳನ್ನು ಎಣಿಸಿದರು. "ಈಗ ಬಂತು ನೋಡು. ನಾಳೆ ಉಣ್ಣಾಕೆ ಬರಬೇಕು ನೀನು," ಎಂದರು.

ನನ್ನ ಬೆರಳುಗಳೆಲ್ಲ ನೀಲಿಯಾಗಿವೆ, ಸೋಪಿಗೂ ಜಗ್ಗುತ್ತಿಲ್ಲ. ನಾಳೆ ಪಂಕ್ತಿಯಲ್ಲಿ ಇದೇ ಕೈಯಲ್ಲಿ ಉಣ್ಣುತ್ತೇನೆ. ಯಾಕೆ ನೀಲಿ ಅಂತ ಕೇಳುವವರು ಕೇಳಲಿ!