ಕ್ಯಾಸೆಟ್ಟಿನಲ್ಲಿ ನನ್ನ ಸರದಿ

ನನ್ನ ಗಂಡ ಗಲ್ಫಿನಲ್ಲಿದ್ದಾಗ ಕಾಗದ ಬರೆಯುತ್ತಿರಲಿಲ್ಲ. ನನಗೆ ಓದಲು ಕಷ್ಟವೆಂದು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಒಂದು ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗುವರು. ಶಕ್ತಿನಗರದ ಮನೆಯಲ್ಲಿ ಬೀಡಿ ಕಟ್ಟುತ್ತಾ ಆ ಹೊತ್ತಿನಲ್ಲಿ ನಾನು ಉತ್ತರ ಹೇಳುತ್ತಿದ್ದೆ. ಅವರಿಗೆ ಕೇಳಿಸದೆಂದು ಗೊತ್ತಿತ್ತು. ಆದರೂ ಹೇಳುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದೇ ಕ್ಯಾಸೆಟ್. ಅದಕ್ಕೂ ಬೂಷ್ಟು ಹಿಡಿಯುತ್ತಿತ್ತು. ಮೊನ್ನೆ ಮೊಮ್ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಿದಳು. ಬಳಸಿದ ಸಾಫ್ಟ್‌ವೇರ್ ಪುಕ್ಕಟೆಯಂತೆ. ಎಲ್ಲೆಲ್ಲಿಯೋ ಇರುವವರು ಸೇರಿ ಮಾಡಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟಿದ್ದಾರಂತೆ.

ಟೇಪಿನ ಗರಗರ ಹೋಗಿ ಗಂಡನ ಸ್ವರ ಸ್ವಚ್ಛವಾಗಿ ಬಂತು. ಆದರೆ ಅವರು ಉಸಿರು ಬಿಡದೆ ಮಾತಾಡುತ್ತಿದ್ದರು.

“ಇವರಿಗೆ ಎಂತ, ಬಸ್ಸು ಹಿಡಿಯಲಿಕ್ಕೆ ಉಂಟಾ?” ಎಂದೆ.

“ಮಾತಿಲ್ಲದ ಜಾಗ ಎಲ್ಲ ತೆಗ್ದೆ ಅಜ್ಜಿ. ಸುಮ್ನೆ ಖಾಲಿ ಇತ್ತು.”

“ಅದು ಖಾಲಿ ಅಲ್ಲ ಮಾರಾಯ್ತಿ, ನನ್ನ ಸರದಿ. ವಾಪಸ್ ಹಾಕು.”

ಅವಳು ಏನೋ ಒತ್ತಿದಳು, ಎಲ್ಲ ಮೊದಲಿನಂತಾಯಿತು.

“ಇದನ್ನು ಮಾಡಿದವರಿಗೆ ಎಂತ ಕೊಟ್ಟೆ?”

“ಕೊಡ್ಲೇಬೇಕಂತ ಇಲ್ಲ ಅಜ್ಜಿ. ಮನಸ್ಸಿದ್ರೆ ಕೊಡ್ಬಹುದು.”

“ನೆರೆಮನೆಯವರು ಪದಾರ್ಥ ಕೊಟ್ಟ ಪಾತ್ರೆಯನ್ನು ನಾವು ಖಾಲಿ ಹಿಂದೆ ಕೊಡ್ತೇವಾ? ನನ್ನ ಪೆನ್ಶನ್‌ನಿಂದ ಕಳಿಸು.”

ಕಳಿಸಿದಳು. ಆಮೇಲೆ ಬಾಗಿಲು ಎಳೆದುಕೊಂಡು ನಾನೊಬ್ಬಳೇ ಕೇಳಿದೆ. “ವಣಸ್ ಆಂಡಾ?” ಊಟ ಆಯಿತೇ ಎಂದು ತುಳುವಿನಲ್ಲಿ ಕೇಳಿ ಅವರು ಸುಮ್ಮನಾದರು. ಆಯಿತು ಎಂದೆ. ನಿಮ್ಮದು ಎಂದೂ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಊರಲ್ಲಿ ಮಳೆ ಬಂತೇ ಎಂದು ಕೇಳಿ, ಮತ್ತೆ ನನಗಾಗಿ ಸುಮ್ಮನಾದರು.