ಬಿಚ್ಚಬಾರದ ಪೊಟ್ಟಣ

ಆ ಶುಕ್ರವಾರ ನಾನು ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲೆ ಬಿಟ್ಟೆ. ಹಂಡೆ ಒಲೆಗೆ ಉರಿ ಮಾಡಿದೆ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಇವರ ಡಬ್ಬಿಗೆ ಅವಲಕ್ಕಿ ಕಟ್ಟಿಕೊಟ್ಟೆ. ಹರಳೆಣ್ಣೆ ಬಿಸಿಮಾಡಿ ನಾಯಿಯ ಹಿಂಗಾಲಿಗೆ ನೀವಿದೆ. ಗಾಂಧಿ ಬಜಾರಿಗೆ ಹೋಗಿ ಒಂದು ಮೊಳ ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ ತಂದೆ. ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕೊನೆಗೆ ದೇವರಿಗೆ ಏರಿಸಿ ತೆಗೆದ ವಾರದ ಹೂವಿನ ಬುಟ್ಟಿಯನ್ನು ಹಿತ್ತಲ ಪಾರಿಜಾತದ ಬುಡಕ್ಕೆ ಸುರಿಯಲು ಹೋದೆ. ಅಲ್ಲಿಯವರೆಗೂ ಅದು ಬೇರೆಲ್ಲ ಶುಕ್ರವಾರಗಳಂಥದೇ.

ನಾಯಿಯ ವಿಷಯ ಮೊದಲು ಹೇಳಬೇಕು. ಮೊಲಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಯುದ್ಧ ಮುಗಿದ ಮೇಲೆ ದಂಡಿನ ಕಡೆಯ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದು, ಕೈಯಿಂದ ಕೈಗೆ ದಾಟಿ ನಮ್ಮ ಜಗಲಿಗೆ ಬಂತು. ನಾಲ್ಕು ವರ್ಷ ಚೆನ್ನಾಗಿ ಓಡಾಡಿಕೊಂಡಿತ್ತು. ಆಮೇಲೆ ಹಿಂದಿನ ಎಡಗಾಲನ್ನು ಮಡಚಿಕೊಂಡು ಕುಪ್ಪಳಿಸತೊಡಗಿತು. ನಾಲ್ಕು ಹೆಜ್ಜೆ ಕುಪ್ಪಳಿಸುವುದು, ಒಂದು ಸಲ ಊರುವುದು, ಮತ್ತೆ ಎತ್ತಿಕೊಳ್ಳುವುದು.

ದನದಾಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಹಸು, ಜಟಕಾ ಕುದುರೆಗಳ ನಡುವೆ ನಮ್ಮ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಮಂಡಿಚಿಪ್ಪು ಅದರ ಜಾಗದಿಂದ ಜಾರುತ್ತಿದೆ ಎಂದು ನನ್ನ ಬೆರಳನ್ನೇ ಇಡಿಸಿ ತೋರಿಸಿದರು. ಕೊಯ್ದು ಸರಿಮಾಡಬಹುದಂತೆ. ಆದರೆ ಪುಟ್ಟ ಜೀವ, ಕ್ಲೋರೋಫಾರಂ ಕೊಟ್ಟರೆ ಏಳದೇ ಹೋಗಲೂಬಹುದು. ಹಾಗೇ ಬಿಟ್ಟರೆ ಇನ್ನೊಂದು ಕಾಲೂ ಸೋತು ಒಂದು ದಿನ ಕೂತಲ್ಲೇ ಕೂತುಬಿಡುತ್ತದೆ. ಗುರುವಾರ ಬೆಳಿಗ್ಗೆ ಕರೆತಂದರೆ ತಾವೇ ಮಾಡುವುದಾಗಿಯೂ, ಮರುದಿನ ತಾವು ಬೇರೆ ಕೆಲಸಕ್ಕೆ ಮದರಾಸಿಗೆ ಹೋಗುವುದಾಗಿಯೂ ಹೇಳಿದರು. ಅವರ ಜಾಗಕ್ಕೆ ಬರುವವರು ಎತ್ತು ಎಮ್ಮೆ ಬಿಟ್ಟು ಬೇರೇನೂ ಮುಟ್ಟುವವರಲ್ಲವಂತೆ.

ನನಗೆ ಮಾಡಿಸಬೇಕೆಂದಿತ್ತು. ಹಾಗೆಂದು ಇವರಿಗೆ ಹೇಳಿದೆ ಕೂಡ. ಇವರು ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಸೋಮವಾರವೆಲ್ಲ ಹೀಗೇ ಕಳೆದು, ಮಂಗಳವಾರ ಸಂಜೆ, ದೇವರ ಮುಂದೆ ಹೂವಿಟ್ಟು ಕೇಳೋಣ ಎಂದರು.

ಅದು ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಬಂದ ಪದ್ಧತಿ. ಬಾಳೆಲೆಯ ಎರಡು ಚೂರು. ಒಂದರಲ್ಲಿ ಬಿಳಿ ನಂದಿಬಟ್ಟಲು, ಒಂದರಲ್ಲಿ ಕೆಂಪು ಕಣಗಿಲೆ. ಮಡಚಿ, ಬಾಳೆನಾರಿನಲ್ಲಿ ಕಟ್ಟಿ, ದೀಪದ ಮುಂದಿಟ್ಟು, ಕಣ್ಣುಮುಚ್ಚಿ ಒಂದನ್ನು ಎತ್ತಬೇಕು. ಬಿಳಿ ಬಂದರೆ ಹೂಂ, ಕೆಂಪು ಬಂದರೆ ಬೇಡ. ಕಟ್ಟಿದವರು ಎತ್ತುವಂತಿಲ್ಲ. ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ದೇವರನ್ನು ಪರೀಕ್ಷೆ ಮಾಡಿದ ಹಾಗೆ ಎನ್ನುತ್ತಿದ್ದರು ಅತ್ತೆ. ಕಟ್ಟುವುದು ಯಾವಾಗಲೂ ಇವರು, ಎತ್ತುವುದು ನಾನು. ಆ ಸಂಜೆಯೂ ಎತ್ತಿದೆ. ಕೆಂಪು.

ನಾನು ಹಟ ಮಾಡಲಿಲ್ಲ. ಒಳಗೊಳಗೆ ನಿರಾಳವೂ ಆಯಿತು. ನಾಯಿ ಏಳದೇ ಹೋಗಿದ್ದರೆ ಎಂಬ ಭಯ ನನಗೂ ಇತ್ತಲ್ಲ. ಜಗಲಿಗೆ ಹೋಗಿ ಅದರ ತಲೆ ಸವರಿ, ನಿನಗೆ ಇಷ್ಟೇ ಅಂತೆ ಕಣೇ ಎಂದೆ. ಬುಧವಾರ ಇವರೇ ಆಸ್ಪತ್ರೆಗೆ ಹೋಗಿ ಬೇಡವೆಂದು ಹೇಳಿ ಬಂದರು.

ಶುಕ್ರವಾರ ಬುಟ್ಟಿ ಬೋರಲು ಹಾಕಿದಾಗ ಆ ಉಳಿದ ಪೊಟ್ಟಣ ಎಲ್ಲದಕ್ಕಿಂತ ಮೇಲೆ ಬಿತ್ತು. ಮೂರು ದಿನಕ್ಕೆ ಎಲೆ ಒಣಗಿ ಮುದುರಿತ್ತು, ನಾರು ಸಡಿಲವಾಗಿತ್ತು. ನಾನು ಮುಟ್ಟಲಿಲ್ಲ, ತಾನೇ ಬಾಯಿಬಿಟ್ಟಿತ್ತು. ಅದರೊಳಗಿದ್ದದ್ದೂ ಕೆಂಪು ಕಣಗಿಲೆಯೇ.

ಸೆರಗಿನಲ್ಲಿ ಕೈ ಒರೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತೆ. ಆ ಹೊತ್ತಿಗೆ ಡಾಕ್ಟರ ರೈಲು ಎಷ್ಟು ದೂರ ಹೋಗಿತ್ತೋ. ನಾಯಿ ಕುಪ್ಪಳಿಸುತ್ತ ಬಂದು ಪಕ್ಕದಲ್ಲಿ ಮಲಗಿತು. ಎರಡು ವರ್ಷದ ಹಿಂದೆ ಮಗಳಿಗೆ ಎರಡು ಸಂಬಂಧ ಬಂದಾಗಲೂ ಹೀಗೇ ಹೂವಿಟ್ಟಿದ್ದೆವು. ಬಿಳಿಗೆ ಮೈಸೂರಿನ ಮೇಷ್ಟರು, ಕೆಂಪಿಗೆ ಚಿಕ್ಕಪೇಟೆಯ ಜವಳಿಯವರ ಮನೆ. ಕೆಂಪೇ ಬಂದಿತ್ತು. ಮಗಳು ಸುಖವಾಗಿಯೇ ಇದ್ದಾಳೆ, ಆ ಮಾತು ಬೇರೆ. ಆವತ್ತಿನ ಉಳಿದ ಪೊಟ್ಟಣವನ್ನೂ ಇದೇ ಗಿಡದ ಬುಡಕ್ಕೆ ನಾನೇ ಸುರಿದಿದ್ದೆ, ಕೈಮುಗಿದು.

ಸಂಜೆ ಗೇಟಿನಲ್ಲಿ ಸೈಕಲ್ಲಿನ ಗಂಟೆ ಕೇಳಿದ್ದೇ ನಾಯಿ ಮೂರು ಕಾಲಲ್ಲಿ ಓಡಿತು. ಇವರು ಅದನ್ನು ಎತ್ತಿಕೊಂಡೇ ಒಳಗೆ ಬಂದರು. ಕಾಫಿ ಲೋಟದ ಪಕ್ಕ ಆ ಹೂವನ್ನು ಎಲೆಸಮೇತ ಇಟ್ಟೆ.

ನೋಡಿದರು. "ಅದನ್ನ ಬಿಚ್ಚಬಾರದಿತ್ತು ನೀನು" ಎಂದರು.

"ನಾನೆಲ್ಲಿ ಬಿಚ್ಚಿದೆ? ಅದೇ ಬಿಚ್ಕೊಂಡಿತ್ತು. ದೇವರು ಬೇಡ ಅಂದ ಅಂತ ಹೋಗಿ ಹೇಳಿ ಬಂದ್ರಲ್ಲ, ದೇವರನ್ನ ಯಾರು ಕೇಳಿದ್ರು?"

ಇವರು ನಾಯಿಯ ಕಿವಿ ನೀವಿದರು. "ಆ ಮೇಜಿನ ಮೇಲೆ ಇದನ್ನ ಮಲಗಿಸಿ ಬರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಕಣೆ. ನಾನು ಬೇಡ ಅಂದಿದ್ರೆ ನೀನು ಕೇಳ್ತಿದ್ಯಾ?"

"ಕೇಳ್ತಿರ್ಲಿಲ್ಲ. ಜಗಳ ಆಡ್ತಿದ್ದೆ. ಆಡಬಹುದಿತ್ತಲ್ಲ ರೀ."

ಕೇಳಬಾರದೆಂದು ಮಧ್ಯಾಹ್ನವೆಲ್ಲ ತಡೆದುಕೊಂಡಿದ್ದದ್ದನ್ನೂ ಕೇಳಿಬಿಟ್ಟೆ. "ಮಗಳದ್ದೂ ಹೀಗೇನಾ?"

ಲೋಟ ಎತ್ತಿ ತುಟಿಗಿಟ್ಟು ಕೆಳಗಿಟ್ಟರು. "ಆರಿಹೋಗಿದೆ. ಸ್ವಲ್ಪ ಬಿಸಿ ಮಾಡ್ಕೊಡು."

ಬಿಸಿ ಮಾಡಿಕೊಟ್ಟೆ. ಇನ್ನೇನು ಮಾಡಲಿ?

ರಾತ್ರಿಗೆ ಬೇಳೆಸಾರು, ಅನ್ನ, ಬೆಳಗಿನ ಹುರುಳಿಕಾಯಿ ಪಲ್ಯ. ಇವರು ಎರಡು ಸಲ ಸಾರು ಹಾಕಿಸಿಕೊಂಡರು. ನಾನು ಎರಡು ತುತ್ತು ಮಜ್ಜಿಗೆ ಅನ್ನ ಉಂಡೆ. ನಾಯಿಗೆ ಹಾಲು ಅನ್ನ ಕಲಸಿಟ್ಟೆ. ಮಡಚಿದ ಕಾಲನ್ನು ಹಾಗೇ ಎತ್ತಿಕೊಂಡು ತಟ್ಟೆ ನೆಕ್ಕಿ ಮುಗಿಸಿತು. ಹಾಸಿಗೆಗೆ ಹೋದೊಡನೆ ಇವರಿಗೆ ನಿದ್ದೆ ಬಂತು. ಆಮೇಲೆ ನಾಯಿ ಮಲಗಿತು.