ನೆರವು ಅಲ್ಲ, ವ್ಯಾಪಾರ

ಎರಡು ದೇಶಗಳು ಮಾತುಕತೆಗೆ ಕೂರುವ ಮೇಜು ಬಹಳ ಉದ್ದವಿರುತ್ತದೆ. ನಡುವೆ ದೊಡ್ಡವರು ಎದುರುಬದುರು ಕೂರುತ್ತಾರೆ. ಅವರ ಆಚೀಚೆ ದರ್ಜೆಯ ಪ್ರಕಾರ ಉಳಿದವರು. ಗೋಡಂಬಿಯೆಲ್ಲ ಖಾಲಿಯಾಗಿ ಬರೀ ಬಿಸ್ಕತ್ತಿನ ತಟ್ಟೆ ತಲುಪುವ ತುದಿಯಲ್ಲಿ ನಡಾವಳಿ ಬರೆಯುವವಳು, ಅಂದರೆ ನಾನು. ದೆಹಲಿಯ ಆ ಸಭಾಂಗಣದಲ್ಲಿ ಹನ್ನೊಂದು ಚಳಿಗಾಲ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ಅದರಲ್ಲಿ ಎಂಟು ಚಳಿಗಾಲ ಎದುರಿಗೆ ಅವಳಿದ್ದಳು, ಆ ಕಡೆಯ ನಡಾವಳಿ ಬರೆಯುವವಳು.

ಅವಳದು ಉತ್ತರದ ಬೆಟ್ಟಗಳ ನೆರೆ ದೇಶ. ಮಳೆಗಾಲದಲ್ಲಿ ಅವರ ನದಿಗಳು ತುಂಬಿ ಹರಿದಾಗ ಅವರು ನಮಗೆ ವಿದ್ಯುತ್ ಮಾರುತ್ತಾರೆ. ಚಳಿಗಾಲದಲ್ಲಿ ನದಿಗಳು ಸೊರಗಿದಾಗ ನಮ್ಮಿಂದ ಕೊಳ್ಳುತ್ತಾರೆ. ಎಷ್ಟು, ಯಾವ ತಂತಿಯ ಮೇಲೆ, ಯಾವ ತಿಂಗಳವರೆಗೆ ಎಂದು ಚರ್ಚಿಸಲು ವರ್ಷಕ್ಕೊಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಸಭೆ. ಅಲ್ಲಿನ ಸಭೆಗೆ ವಿಮಾನ ಹತ್ತುವಷ್ಟು ದೊಡ್ಡ ಅಧಿಕಾರಿ ನಾನಾಗಲಿಲ್ಲ. ಹಾಗಾಗಿ ನಾವು ಭೇಟಿಯಾಗುತ್ತಿದ್ದದ್ದು ವರ್ಷಕ್ಕೆ ಎರಡೇ ದಿನ.

ದೊಡ್ಡವರು ಊಟಕ್ಕೆ ಎದ್ದ ಮೇಲೆ ನಮ್ಮಿಬ್ಬರ ಕೆಲಸ ಶುರುವಾಗುತ್ತಿತ್ತು. ಅವಳ ಕರಡು, ನನ್ನ ಕರಡು ಪಕ್ಕಪಕ್ಕ ಇಟ್ಟು ಒಂದೇ ಮಾಡಬೇಕು. ಸಂಜೆ ಅದಕ್ಕೆ ಸಹಿ. ದಾಖಲೆ ಇಂಗ್ಲಿಷಿನಲ್ಲಿ, ಜಗಳ ಹಿಂದಿಯಲ್ಲಿ. ನನಗೋ ಮೂಗಿನ ತುದಿಯಲ್ಲೇ ಕೋಪ. ಮೊದಲ ವರ್ಷವೇ ನನ್ನ ಕರಡಿನ ಒಂದು ಪದದ ಕೆಳಗೆ ಅವಳು ಪೆನ್ಸಿಲಿನಿಂದ ಗೆರೆ ಎಳೆದಳು. ಚಳಿಗಾಲದಲ್ಲಿ ಭಾರತ ಕೊಡುವ ವಿದ್ಯುತ್ತನ್ನು ನಾನು 'ನೆರವು' ಎಂದು ಬರೆದಿದ್ದೆ.

"ದೀದಿ, ಇದು ನೆರವಲ್ಲ, ವ್ಯಾಪಾರ. ಮಳೆಗಾಲದಲ್ಲಿ ನೀವು ನಮ್ಮ ಹತ್ರ ತಗೊಳ್ತೀರಲ್ಲ, ಅದನ್ನ ನೆರವು ಅಂತ ಬರೀತೀರಾ?"

"ಹಳೇ ನಡಾವಳೀಲೆಲ್ಲ ಹೀಗೇ ಇದೆ."

"ಹಳೇದ್ರಲ್ಲಿ ನಾನಿರಲಿಲ್ಲ," ಎಂದಳು.

ಅರ್ಧ ಗಂಟೆ ವಾದಿಸಿ ಕೊನೆಗೆ ನಾನೇ ಹೊಡೆದುಹಾಕಿದೆ. ಆಮೇಲೆ ಪ್ರತಿ ವರ್ಷವೂ ಹಳೆಯ ಮಾದರಿಯಿಂದ ಆ ಪದ ಹೇಗೋ ನುಸುಳಿ ಬರುತ್ತಿತ್ತು. ಅವಳು ಮಾತಾಡದೆ ಪೆನ್ಸಿಲ್ ಎತ್ತುತ್ತಿದ್ದಳು, ನಾನು ನಗುತ್ತಿದ್ದೆ. ನಾಲ್ಕನೆಯ ವರ್ಷದ ಹೊತ್ತಿಗೆ ಅದು ತಾನಾಗಿ ನುಸುಳುತ್ತಿರಲಿಲ್ಲ, ನಾನೇ ಬಿಡುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. ಸಹಿಗೆ ಹೋಗುವ ಪ್ರತಿಯಲ್ಲಿ ಮಾತ್ರ ಒಮ್ಮೆಯೂ ತಪ್ಪಾಗಲಿಲ್ಲ.

ನಾನು ದಾವಣಗೆರೆಯಿಂದ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನೌಕರಿಗೆ ಬಂದವಳು. ಮದುವೆ ಆಗಲಿಲ್ಲ, ಆ ಕತೆ ಇಲ್ಲಿ ಬೇಡ. ಹೌಜ್ ಖಾಸ್ ಹತ್ತಿರ ಎರಡನೆಯ ಮಹಡಿಯ ಮನೆ. ಶುಕ್ರವಾರ ಸಂಜೆ ಕಚೇರಿಯಿಂದ ಹೊರಟರೆ ಸೋಮವಾರ ಬೆಳಗಿನವರೆಗೆ ತರಕಾರಿ ಭಯ್ಯಾನ ಹತ್ತಿರ ಕೊತ್ತಂಬರಿ ಕೇಳುವುದು ಬಿಟ್ಟು ಬೇರೆ ಮಾತಿಲ್ಲ. ಕೆಲವು ಸೋಮವಾರ ಮೊದಲ ಮಾತಿಗೆ ಗಂಟಲೇ ಏಳುತ್ತಿರಲಿಲ್ಲ, ಕೆಮ್ಮಿ ಸರಿಮಾಡಿಕೊಳ್ಳಬೇಕಿತ್ತು. ಒಂಟಿತನ ಎಂಬ ಮಾತನ್ನು ನನ್ನ ಬಗ್ಗೆ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ನಾಚಿಕೆಯೂ ಇಲ್ಲ.

ವರ್ಷವಿಡೀ ಅವಳಿಂದ ಕಚೇರಿಯ ಮೇಲ್ ಬರುತ್ತಿತ್ತು. ತಂತಿ, ಕಂಬ, ಮೆಗಾವ್ಯಾಟು ಎಲ್ಲ ಮುಗಿದ ಮೇಲೆ ಅಡಿಯಲ್ಲಿ ಒಂದೇ ಸಾಲು: "ಇವತ್ತು ಬಿಸಿಲು ಬಂತು, ಮೂಲಂಗಿ ಒಣಗಿಸಿದೆ." ನಾನೂ ಒಂದು ಸಾಲು ಬರೆಯುತ್ತಿದ್ದೆ: "ಇಲ್ಲಿ ಹೊಗೆ, ಕಿಟಕಿ ತೆಗೆದಿಲ್ಲ." ಫೈಲಿಗೆ ಹಾಕುವ ಪ್ರತಿಯಿಂದ ಅವಳ ಸಾಲನ್ನು ಅಳಿಸುತ್ತಿದ್ದೆ. ಅಳಿಸುವ ಮೊದಲು ನಾಲ್ಕೈದು ಸಲ ಓದುತ್ತಿದ್ದೆ. ಇಡೀ ದೆಹಲಿಯಲ್ಲಿ ನನಗೆ ಗೆಳತಿ ಎನ್ನುವವರಿರಲಿಲ್ಲ. ಇದ್ದವಳೊಬ್ಬಳು ಗಡಿಯ ಆಚೆ ಇದ್ದಳು.

ಅವಳು ಬಂದ ಕೊನೆಯ ಚಳಿಗಾಲ, ನಡಾವಳಿ ಮುಗಿದ ಮೇಲೆ, ಅವರ ಲಿಪಿಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದಳು. ಒಳಗೆ ಬದನೆಕಾಯಿ ಬಣ್ಣದ ಸ್ವೆಟರ್.

"ಹೋದ ವರ್ಷ ನಿಮ್ಮದು ಮೊಣಕೈ ಹತ್ರ ಹರಿದಿತ್ತು, ದೀದಿ. ನಾನೇ ಹೆಣೆದೆ. ಅಳತೆ ಕಣ್ಣಲ್ಲೇ ತಗೊಂಡಿದ್ದೆ."

ಅಮ್ಮ ಹೋದ ಮೇಲೆ ನನ್ನ ಅಳತೆಯನ್ನು ಯಾರೂ ಕಣ್ಣಲ್ಲಿ ತೆಗೆದುಕೊಂಡಿರಲಿಲ್ಲ. ಥ್ಯಾಂಕ್ಯೂ ಎಂದಷ್ಟೇ ಹೇಳಿದೆ.

ಮರುದಿನ ನಾನು ಮಾಡಿದ್ದನ್ನು ನನ್ನಂಥವಳು ಮಾತ್ರ ಮಾಡಬಲ್ಲಳು. ವಿದೇಶಿ ನಿಯೋಗದವರು ಕೊಟ್ಟ ಉಡುಗೊರೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂಬ ನಿಯಮವನ್ನು ನಮ್ಮ ವಿಭಾಗದಲ್ಲಿ ಎಲ್ಲರ ತಲೆಗೂ ಹೊಡೆದು ಕಲಿಸಿದವಳು ನಾನು. ಚಹಾ ಪೊಟ್ಟಣ, ಗೋಡೆ ಗಡಿಯಾರ, ಯಾವುದನ್ನೂ ಬಿಟ್ಟಿರಲಿಲ್ಲ. ಸ್ವೆಟರಿಗೂ ಒಂದು ಟಿಪ್ಪಣಿ ಬರೆದೆ. ಪಕ್ಕದ ಮೇಜಿನವಳು ಹುಬ್ಬಳ್ಳಿಯವಳು, ವಿಭಾಗದಲ್ಲಿ ನನ್ನೊಡನೆ ಕನ್ನಡ ಆಡುವವಳು ಅವಳೊಬ್ಬಳೇ. ಬಗ್ಗಿ ಓದಿದಳು.

"ಮೇಡಂ, ಒಂದ್ ಸ್ವೆಟರ್‌ಗೆ ಫೈಲಾ? ಛೋಡಿಯೇ, ಸುಮ್ನೆ ಹಾಕ್ಕೊಳ್ಳಿ. ಯಾರ್ ಕೇಳ್ತಾರೆ?"

"ನಿನಗೊಂದು ನಿಯಮ, ನನಗೊಂದು ನಿಯಮ ಇದೆಯೇನೆ?"

"ಅಚ್ಛಾ, ನಿಮ್ಮಿಷ್ಟ," ಎಂದು ಅವಳು ತನ್ನ ಕೆಲಸಕ್ಕೆ ತಿರುಗಿದಳು.

ಉಡುಗೊರೆ ಸ್ವೀಕರಿಸಿದ್ದಕ್ಕೆ ಒಂದು ಸಿದ್ಧ ಪತ್ರವಿದೆ. 'ತಮ್ಮ ನಿಯೋಗದ ಸದಸ್ಯರು ನೀಡಿದ ಉಡುಗೊರೆಯನ್ನು ನಿಯಮಾನುಸಾರ ಜಮಾ ಮಾಡಲಾಗಿದೆ' ಎಂದು ನಿಯೋಗದ ಮುಖ್ಯಸ್ಥರಿಗೆ ಹೋಗುತ್ತದೆ. ಅದಕ್ಕೂ ನಾನೇ ಸಹಿ ಹಾಕಿದೆ. ಆ ಕಡೆಯೂ ಕಚೇರಿಯಿದೆ, ಅಲ್ಲೂ ನಿಯಮಗಳಿವೆ, ಅಲ್ಲೂ ನನ್ನಂಥವರಿದ್ದಾರೆ ಎಂಬುದು ಆಗ ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ ಸ್ವೆಟರ್ ವಾಪಸು ಬಂತು. ಕೊರಳಿಗೆ ನಂಬರಿನ ಚೀಟಿ ಕಟ್ಟಿತ್ತು. ಬೆಲೆ ನಗಣ್ಯ, ಪಡೆದವರೇ ಇಟ್ಟುಕೊಳ್ಳಬಹುದು ಎಂದು ಬರೆದಿದ್ದರು. ಅಷ್ಟರಲ್ಲಿ ಅವಳ ಮೇಲ್‌ಗಳ ಅಡಿಯ ಸಾಲು ನಿಂತುಹೋಗಿತ್ತು.

ಮುಂದಿನ ಚಳಿಗಾಲ ಅವಳ ಕುರ್ಚಿಯಲ್ಲಿ ಹೊಸ ಅಧಿಕಾರಿಯೊಬ್ಬ ಕೂತಿದ್ದ. ಊಟದ ಹೊತ್ತಿಗೆ ಅವಳನ್ನು ವಿಚಾರಿಸಿದೆ. ಅವನು ಅದನ್ನು ಹವಾಮಾನದ ಸುದ್ದಿಯ ಹಾಗೆ ಹೇಳಿದ. "ಯಾವುದೋ ಉಡುಗೊರೆ ವಿಷಯ, ಮೇಡಂ. ಯಾರನ್ನ ಕೇಳಿ ಕೊಟ್ಟೆ ಅಂತ ಮೇಲಿನವರು ವಿವರಣೆ ಕೇಳಿದ್ರು. ಇನ್ನು ದೆಹಲಿಗೆ ಕಳಿಸೋದಿಲ್ಲ. ಕರಡು ಮಾತ್ರ ಈಗಲೂ ಅವರೇ ನೋಡ್ತಾರೆ, ಮೇಲ್‌ನಲ್ಲಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಮರುದಿನವೇ ಮೇಲ್ ಒಂದರ ಅಡಿಯಲ್ಲಿ ಬರೆದೆ: "ತಪ್ಪು ನನ್ನದು. ಸ್ವೆಟರ್ ಸರಿಯಾಗಿ ಕೂತಿದೆ." ಅವಳ ಉತ್ತರದಲ್ಲಿ ಮೇಲಿನ ಎಲ್ಲದಕ್ಕೂ ಅಂಶವಾರು ಜವಾಬಿತ್ತು. ಅಡಿಯಲ್ಲಿ ಏನೂ ಇರಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಮುಂದಿನ ಮಾರ್ಚಿಗೆ ನನಗೆ ನಿವೃತ್ತಿ, ಆಮೇಲೆ ಆ ಮೇಲ್ ವಿಳಾಸವೂ ನನ್ನದಲ್ಲ. ಈ ಚಳಿಗಾಲದ ಸಭೆಯೇ ನನಗೆ ಕೊನೆಯದು. ಅವಳಿಂದ ಒಂದು ಮಾತು, ಬೈಗುಳವಾದರೂ ಸರಿ, ಬರಲೇಬೇಕು ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದೆ. ಅವಳು ಬರುವುದು ನಿಂತ ಮೇಲೆ ಕರಡು ಮೇಲ್‌ನಲ್ಲಿ ಅವಳ ಹತ್ತಿರ ಹೋಗಿ ಬಂದ ನಂತರವೇ ಸಹಿಯಾಗುತ್ತಿತ್ತು. ಸಭೆ ಮುಗಿದ ಮೇಲೆ ಕರಡಿನ ಆರನೆಯ ಅಂಶದಲ್ಲಿ 'ನೆರವು' ಎಂದು ಬರೆದೆ. ಸಾಲದೆಂದು ಒಂಬತ್ತನೆಯದರಲ್ಲೂ ಬರೆದೆ. ಈ ಪದವನ್ನು ಅವಳು ಬಿಡುವುದು ಸಾಧ್ಯವೇ ಇರಲಿಲ್ಲ. ನನ್ನನ್ನು ಕ್ಷಮಿಸದಿದ್ದರೂ ಪೆನ್ಸಿಲಂತೂ ಎತ್ತುತ್ತಾಳೆ.

ಮೂರು ದಿನ ಕಾದೆ. ಆ ಮೂರೂ ದಿನ ಕಚೇರಿಗೆ ಅದೇ ಸ್ವೆಟರ್ ಹಾಕಿಕೊಂಡು ಹೋದೆ. ಅವಳಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಹಾಕಿಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಉತ್ತರ ಬಂತು. "ಕರಡನ್ನು ಪರಿಶೀಲಿಸಲಾಗಿದೆ. ಯಾವುದೇ ತಿದ್ದುಪಡಿ ಇಲ್ಲ. ಒಪ್ಪಿದೆ." ಕೆಳಗೆ ಅವಳ ಹುದ್ದೆ.

ಲಗತ್ತನ್ನು ತೆರೆದು ಆರನೆಯ ಅಂಶ ನೋಡಿದೆ, ಒಂಬತ್ತನೆಯದನ್ನೂ ನೋಡಿದೆ. ಎರಡೂ ಕಡೆ ಪದ ಹಾಗೇ ಇತ್ತು. ಎಂಟು ವರ್ಷ ಅವಳು ಆ ಪದಕ್ಕೆ ಜಗಳವಾಡಿದ್ದು ನನ್ನ ಜೊತೆ. ಈಗ ನನ್ನ ಜೊತೆ ಜಗಳವೂ ಅವಳಿಗೆ ಬೇಡವಾಗಿತ್ತು.

ಕರಡು ಸಹಿಗೆ ಹೋಗಬೇಕಿತ್ತು. ಪೆನ್ಸಿಲ್ ತೆಗೆದುಕೊಂಡು ಎರಡೂ ಕಡೆ 'ನೆರವು' ಹೊಡೆದು 'ವ್ಯಾಪಾರ' ಎಂದು ಬರೆದು ನಮ್ಮ ನಿರ್ದೇಶಕರ ಕೋಣೆಗೆ ಒಯ್ದೆ. ಅವರು ಮೇಲ್ ನೋಡಿದರು, ಹಾಳೆ ನೋಡಿದರು.

"ಆ ಕಡೆಯವರು ಒಪ್ಪಿಬಿಟ್ಟಿದ್ದಾರಲ್ಲ, ಮತ್ಯಾಕೆ ಬದಲಾಯಿಸ್ತೀರಿ?"

"ಇಲ್ಲ ಸರ್," ಎಂದೆ. "ಅವರು ಒಪ್ಪೋದಿಲ್ಲ."